ಪದವಿ ಪರೀಕ್ಷೆಯ ಹಾಳೆಯಲ್ಲಿ ರಾಜನ ಮುಖ

ಪರೀಕ್ಷೆಗೆ ಹೋಗುವಾಗ ನಾವು ಹಾಲ್ ಟಿಕೆಟ್ ಮರೆಯದೆ ಒಯ್ಯುತ್ತೇವೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಸ್ಥಿತಿವಂತರ ಮನೆಯ ಹುಡುಗ ಪದವಿ ಪರೀಕ್ಷೆಗೆ ಹೋಗುವಾಗ ಒಬ್ಬ ದೊಡ್ಡ ಮನುಷ್ಯನ ಮುಖವನ್ನೇ ಅಚ್ಚು ಹಾಕಿಸಿಕೊಂಡು ಹೋಗುತ್ತಿದ್ದ!

ಆಗಿನ ಪರೀಕ್ಷೆ ತುಂಬಿದ ಸಭೆಯಲ್ಲಿ ನಡೆಯುವ ವಾದವಾಗಿತ್ತು. ತಾನು ಸಮರ್ಥಿಸಲಿರುವ ವಿಷಯಗಳನ್ನು ವಿದ್ಯಾರ್ಥಿ ಲ್ಯಾಟಿನ್ ಭಾಷೆಯಲ್ಲಿ ದೊಡ್ಡ ಹಾಳೆಯೊಂದರಲ್ಲಿ ಮುದ್ರಿಸಿ ಆಹ್ವಾನಿತರಿಗೆ ಹಂಚುತ್ತಿದ್ದ. ಹಾಳೆಯ ಮೇಲ್ಭಾಗದಲ್ಲಿ ಅದನ್ನು ಅರ್ಪಿಸಿದ ರಾಜ, ಮಂತ್ರಿ ಅಥವಾ ಧರ್ಮಗುರುವಿನ ಚಿತ್ರವಿರುತ್ತಿತ್ತು. ಖರ್ಚೆಲ್ಲ ಹುಡುಗನ ಮನೆಯವರದು. ಮಂತ್ರಿಯ ಹೆಸರಿನ ಜೊತೆ ಮಗನ ಹೆಸರೂ ಒಂದೇ ಹಾಳೆಯಲ್ಲಿ ಕಂಡರೆ ಮುಂದೆ ಹುದ್ದೆಯ ಬಾಗಿಲು ತೆರೆದೀತೆಂಬುದು ಅವರ ಆಸೆ. ಪುಕ್ಕಟೆಯಾಗಿ ತನ್ನ ಕೀರ್ತಿ ಹರಡುವುದು ಆಶ್ರಯದಾತನಿಗೂ ಇಷ್ಟವೇ.

ಈ ಆಸೆಗಳ ನಡುವೆ ಬೆಳೆದ ಕಲಾವಿದ ರೊಬೇರ್ ನಾಂತೈ. ಇವನು 1623ರಲ್ಲಿ ರೀಮ್ಸ್ ನಗರದಲ್ಲಿ ಉಣ್ಣೆ ವ್ಯಾಪಾರಿಯ ಮಗನಾಗಿ ಹುಟ್ಟಿದನು. 1645ರಲ್ಲಿ ತನ್ನ ಪರೀಕ್ಷೆಯ ಹಾಳೆಯ ಚಿತ್ರವನ್ನು ತಾನೇ ಕೆತ್ತಿದನು. ಬಳಿಕ ಪ್ಯಾರಿಸ್ ಸೇರಿದನು.

ಅವನ ಕೆಲಸ ಸುಲಭದ್ದಲ್ಲ. ನುಣುಪಾದ ತಾಮ್ರದ ತಗಡಿನ ಮೇಲೆ ಮೊನಚಾದ ಉಕ್ಕಿನ ಉಳಿಯಿಂದ ಗೆರೆ ಕೊರೆಯಬೇಕು. ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಮಾಡಿದ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಬೇಕು. ಬಣ್ಣವಿಲ್ಲದೆ, ಬರಿಯ ಗೆರೆಗಳಿಂದಲೇ ರೇಷ್ಮೆಯ ಹೊಳಪನ್ನೂ ಕಣ್ಣಿನ ಜೀವವನ್ನೂ ನಾಂತೈ ತೋರಿಸಿದನು. ಮುಖ್ಯಮಂತ್ರಿ ಮಜಾರಿನ್, ಮಂತ್ರಿ ಕೊಲ್ಬೇರ್ ಸೇರಿದಂತೆ 200ಕ್ಕೂ ಹೆಚ್ಚು ಭಾವಚಿತ್ರಗಳನ್ನು ಕೆತ್ತಿದನು. 1658ರಲ್ಲಿ ಹದಿನಾಲ್ಕನೇ ಲೂಯಿ ಅವನನ್ನು ಅರಮನೆಯ ಚಿತ್ರಕಾರನನ್ನಾಗಿ ನೇಮಿಸಿದನು.

ನಾಂತೈ ಪಡೆದದ್ದು ಸ್ವಂತ ಗೌರವವಷ್ಟೇ ಆದರೂ, 1660ರ ಮೇ ತಿಂಗಳಲ್ಲಿ ಇಡೀ ವೃತ್ತಿಗೇ ಗೌರವ ಬಂತು. ತನ್ನ ವಿವಾಹಕ್ಕಾಗಿ ಸೇಂಟ್ ಜಾನ್ ದ ಲೂಜ್ ಊರಿಗೆ ಬಂದಿದ್ದ ರಾಜ ಅಲ್ಲಿಂದ ಒಂದು ಆಜ್ಞೆ ಹೊರಡಿಸಿದನು. ತಾಮ್ರಕೆತ್ತನೆ ಕಲ್ಪನಾಶಕ್ತಿಯನ್ನು ಅವಲಂಬಿಸಿದ ಮುಕ್ತ ಕಲೆ, ಕಸುಬುದಾರರ ಸಂಘದ ಕಟ್ಟುಪಾಡುಗಳಿಗೆ ಅದು ಒಳಪಡದು ಎಂಬುದೇ ಅದರ ಸಾರ. ಕುಶಲಕರ್ಮಿ ಕಲಾವಿದನಾದನು.

ಆದರೆ ಈ ಕಥೆಗೆ ಇನ್ನೊಂದು ಮುಖವೂ ಇದೆ. ತಗಡು ಕೆತ್ತಿಸಲು ಹಣವಿಲ್ಲದ ಮನೆಯ ಹುಡುಗನಿಗೆ ಎಷ್ಟೇ ಜಾಣ್ಮೆಯಿದ್ದರೂ ಇಂಥ ಹಾಳೆ ಸಿಗಲಿಲ್ಲ. ಹಾಳೆ ಪಡೆದವರ ವಾದವಾದರೂ ಉಳಿಯಿತೇ? ನಂತರದ ಸಂಗ್ರಾಹಕರು ಎಷ್ಟೋ ಹಾಳೆಗಳ ಕೆಳಭಾಗವನ್ನು ಕತ್ತರಿಸಿ, ಚಿತ್ರವನ್ನಷ್ಟೇ ಇಟ್ಟುಕೊಂಡರು. ವಸ್ತುಸಂಗ್ರಹಾಲಯಗಳಲ್ಲಿ ಇಂದು ದೊಡ್ಡವರ ಮುಖವಿದೆ, ಕೆತ್ತಿದವನ ಹೆಸರಿದೆ. ವಿದ್ಯಾರ್ಥಿಯ ಮಾತು ಹಲವೆಡೆ ಇಲ್ಲ.

ಆಶ್ರಯ ಬಾಗಿಲನ್ನು ತೆರೆಯಬಹುದು, ಒಳಗೆ ನಿಲ್ಲಿಸುವುದು ಕೈಯ ಕೆಲಸವೇ. ಉಣ್ಣೆ ವ್ಯಾಪಾರಿಯ ಮಗನ ಬದುಕು ನಮಗೆ ಹೇಳುವುದು ಇಷ್ಟನ್ನೇ.