ಸಂವಿಧಾನ ಸಭೆಯ ಮುಂದಿದ್ದ ಮೂರು ದಾರಿಗಳು

ಪೌರನೀತಿ ಪಾಠದಲ್ಲಿ ಸರ್ಕಾರದ ಪದ್ಧತಿಗಳ ವ್ಯತ್ಯಾಸಗಳನ್ನು ಬಾಯಿಪಾಠ ಮಾಡಿ ನೀವು ಅಂಕ ಗಳಿಸುತ್ತೀರಿ. ಆದರೆ 1946ರಲ್ಲಿ ನಮ್ಮ ಹಿರಿಯರಿಗೆ ಅದು ದೇಶ ಒಂದಾಗಿ ಉಳಿಯುವುದೇ ಎಂಬ ಪ್ರಶ್ನೆಯಾಗಿತ್ತು.

ಸಾರ್ವಭೌಮ ರಾಜ್ಯಗಳು ಕೆಲವೇ ವಿಷಯಗಳನ್ನು ಕೇಂದ್ರಕ್ಕೆ ಒಪ್ಪಿಸುವ ಸಡಿಲ ಒಕ್ಕೂಟಕ್ಕೆ ಕಾನ್‌ಫೆಡರೇಷನ್ ಎನ್ನುತ್ತಾರೆ. ಅಮೆರಿಕದ 13 ರಾಜ್ಯಗಳು 1781ರಿಂದ ಇದನ್ನು ಪ್ರಯೋಗಿಸಿ ನೋಡಿದವು. ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಯುದ್ಧದ ಸಾಲ ತೀರಿಸಲು ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. ಬೇಸತ್ತು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ಹೊಸ ಸಂವಿಧಾನ ರಚಿಸಿದರು. ಅಧ್ಯಕ್ಷೀಯ ಪದ್ಧತಿ ಹುಟ್ಟಿದ್ದು ಹೀಗೆ.

ನಮ್ಮಲ್ಲಿ 1946ರ ಮೇ 16ರಂದು ಬ್ರಿಟಿಷ್ ಕ್ಯಾಬಿನೆಟ್ ಮಿಷನ್ ಮುಂದಿಟ್ಟ ಯೋಜನೆ ಪೂರ್ಣ ಕಾನ್‌ಫೆಡರೇಷನ್ ಅಲ್ಲದಿದ್ದರೂ ಅದಕ್ಕೆ ಬಹಳ ಹತ್ತಿರವಿತ್ತು. ವಿದೇಶಾಂಗ, ರಕ್ಷಣೆ, ಸಂಪರ್ಕ ಇವಿಷ್ಟೇ ಕೇಂದ್ರಕ್ಕೆ, ಉಳಿದುದೆಲ್ಲ ಪ್ರಾಂತ್ಯಗಳಿಗೆ. ಪ್ರಾಂತ್ಯಗಳನ್ನು ಮೂರು ಗುಂಪು ಮಾಡುವ ಏರ್ಪಾಡೂ ಇತ್ತು. ಅಖಂಡ ಭಾರತ ಉಳಿಯಲು ಇಂಥ ವ್ಯವಸ್ಥೆಯೇ ದಾರಿ ಎಂದು ಮೌಲಾನಾ ಆಜಾದರು ನಂಬಿದ್ದರು. ಗುಂಪಿಗೆ ಸೇರುವುದು ಕಡ್ಡಾಯವೋ ಐಚ್ಛಿಕವೋ ಎಂಬ ಜಗಳದಲ್ಲಿ ಯೋಜನೆ ಮುರಿಯಿತು. ಜೂನ್‌ನಲ್ಲಿ ಒಪ್ಪಿದ್ದ ಮುಸ್ಲಿಂ ಲೀಗ್ ಜುಲೈ 29ರಂದು ಹಿಂದೆ ಸರಿಯಿತು. ತಪ್ಪು ಯಾರದೆಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ವಿಭಜನೆ ನಿಶ್ಚಯವಾದ ಮೇಲೆ ಸಂವಿಧಾನ ಸಭೆ ಬಲಿಷ್ಠ ಕೇಂದ್ರದತ್ತ ವಾಲಿತು. ಉರ್ದು ತರಗತಿಯಲ್ಲಿ ನೀವು ಗಜಲ್ ಕವಿಯೆಂದು ಓದುವ ಮೌಲಾನಾ ಹಸ್ರತ್ ಮೊಹಾನಿ ಆ ಸಭೆಯ ಸದಸ್ಯರು. ಸೋವಿಯತ್ ಮಾದರಿಯ ಗಣರಾಜ್ಯಗಳ ಒಕ್ಕೂಟ ಬೇಕೆಂದು ಅವರು ಪಟ್ಟು ಹಿಡಿದರು. ಸಭೆ ಒಪ್ಪಲಿಲ್ಲ.

ಇನ್ನು ಅಧ್ಯಕ್ಷೀಯವೋ, ಸಂಸದೀಯವೋ? ಪ್ರೊ. ಕೆ.ಟಿ. ಷಾ ಮೊದಲನೆಯದರ ಪರವಾಗಿದ್ದರು. 1948ರ ನವೆಂಬರ್ 4ರ ಭಾಷಣದಲ್ಲಿ ಡಾ. ಅಂಬೇಡ್ಕರ್ ವಿಷಯವನ್ನು ತಿಳಿಯಾಗಿ ಬಿಡಿಸಿಟ್ಟರು. ಅಧ್ಯಕ್ಷೀಯ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಸಂಸದೀಯದಲ್ಲಿ ಹೊಣೆಗಾರಿಕೆ ಹೆಚ್ಚು; ಅಲ್ಲಿ ಚುನಾವಣೆ ಬಂದಾಗ ಲೆಕ್ಕ ಕೇಳುತ್ತಾರೆ, ಇಲ್ಲಿ ಸದನದಲ್ಲಿ ಪ್ರತಿದಿನವೂ ಕೇಳಬಹುದು. ನಾವು ಹೊಣೆಗಾರಿಕೆಯನ್ನು ಆರಿಸಿಕೊಂಡೆವು.

ಇದರ ಅರ್ಥ ತಿಳಿಯಲು ಎರಡು ಘಟನೆ ಸಾಕು. ವಾಟರ್‌ಗೇಟ್ ಕಳ್ಳತನ ನಡೆದದ್ದು 1972ರ ಜೂನ್‌ನಲ್ಲಿ. ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟದ್ದು 1974ರ ಆಗಸ್ಟ್‌ನಲ್ಲಿ. ಇಲ್ಲಿ 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಿಂದ, ಒಂದೇ ಮತದಿಂದ ಬಿತ್ತು. ಮತ್ತೆ ಚುನಾವಣೆಯ ಖರ್ಚು ಬಂತು, ನಿಜ. ಆ ಬೆಲೆ ಕೊಡಬೇಕೆಂಬುದು ಅಂಬೇಡ್ಕರರಿಗೂ ತಿಳಿದಿತ್ತು.

ಅವರ ಕಾಲದಲ್ಲಿ ಇಲ್ಲದ ಒಂದು ಸಂಗತಿ ಮಾತ್ರ ಆಮೇಲೆ ಸೇರಿಕೊಂಡಿದೆ. 1985ರ ಪಕ್ಷಾಂತರ ನಿಷೇಧ ಕಾಯಿದೆಯಿಂದ, ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಸರ್ಕಾರಗಳಿಗೆ ಸ್ಥಿರತೆ ಸಿಕ್ಕಿತು; ಆದರೆ ಆಳುವ ಪಕ್ಷದ ಸದಸ್ಯ ಇಂದು ತನ್ನದೇ ಮಂತ್ರಿಯ ಲೆಕ್ಕ ಕೇಳುವುದು ಅಪರೂಪವಾಗಿದೆ.