ಬಲಪಡಿಸುವವನೇ ಬಲಗೊಳ್ಳುವನು: ಸಂತ ಜೋಸೆಫ್ ವಾಜರ ಬಾಳಿನ ಪಾಠ

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ, ವಿಶ್ವಾಸವು ಬತ್ತದೆ ಉಳಿಯುವ ಬಗೆ ಹೇಗೆಂದು ಚಿಂತಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಪ್ರೇಷಿತ ಸಂತ ಪೌಲರು ರೋಮನರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದಲ್ಲಿ, ಅಲ್ಲಿನ ಭಕ್ತರನ್ನು ದೃಢಪಡಿಸುವುದರೊಂದಿಗೆ ಅವರ ವಿಶ್ವಾಸದಿಂದ ತಾವೂ ಉತ್ತೇಜನ ಹೊಂದಬೇಕೆಂದು ಹಂಬಲಿಸುತ್ತಾರೆ. ಈ ಸತ್ಯಕ್ಕೆ, ನಮ್ಮ ಕರಾವಳಿಯ ಮಣ್ಣಿನಲ್ಲಿ ನಡೆದಾಡಿದ ಸಂತ ಜೋಸೆಫ್ ವಾಜರ ಜೀವನವೇ ಸಾಕ್ಷಿ.

1651ರಲ್ಲಿ ಗೋವೆಯ ಬೆನೌಲಿಮ್‌ನಲ್ಲಿ ಜನಿಸಿ, 1676ರಲ್ಲಿ ಗುರುದೀಕ್ಷೆ ಪಡೆದ ವಾಜರು ಗುರುಗಳಿಲ್ಲದೆ ಕಂಗೆಟ್ಟಿದ್ದ ಸಿಂಹಳದ ಕಥೋಲಿಕರ ಸೇವೆಗೆ ಹೋಗಬಯಸಿದ್ದರು. ಆದರೆ 1681ರಲ್ಲಿ ಮೇಲಧಿಕಾರಿಗಳು ಅವರನ್ನು ಕಳುಹಿಸಿದ್ದು ಕೆನರಾಕ್ಕೆ. ಇಲ್ಲಿ ಪೋರ್ಚುಗಲ್ ದೊರೆಯ ಪದ್ರುವಾದೊ ಅಧಿಕಾರಕ್ಕೂ ರೋಮಿನ ಪ್ರೊಪಗಾಂಡ ಅಧಿಕಾರಕ್ಕೂ ನಡೆದಿದ್ದ ವ್ಯಾಜ್ಯದಿಂದ ಭಕ್ತರು ಇಬ್ಭಾಗವಾಗಿದ್ದರು. ವಾಜರು ಪಕ್ಷಕಟ್ಟಲಿಲ್ಲ. ಬರಿಗಾಲಿನಲ್ಲಿ ಗಂಗೊಳ್ಳಿ, ಬಸ್ರೂರು, ಮಂಗಳೂರುಗಳ ಕಡೆ ಸಂಚರಿಸಿ, ಪಾಪನಿವೇದನೆ ಕೇಳಿ, ರೋಗಿಗಳನ್ನು ಸಂತೈಸಿ, ಚದುರಿದವರನ್ನು ಒಂದುಗೂಡಿಸಿದರು. 1684ರಲ್ಲಿ ಗೋವೆಗೆ ಹಿಂದಿರುಗಿದಾಗ ಸಿಂಹಳದ ಹಂಬಲ ಆರಿರಲಿಲ್ಲ. ಬಯಸದೆ ಬಂದ ನೆಲವೇ ಅವರಿಗೆ ಪಾಠಶಾಲೆಯಾಗಿತ್ತು.

1658ರಲ್ಲಿ ಜಾಫ್ನಾವನ್ನು ವಶಪಡಿಸಿಕೊಂಡ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1687ರಲ್ಲಿ ಕೂಲಿಯವನ ವೇಷದಲ್ಲಿ ಅಲ್ಲಿಗೆ ತಲುಪಿದ ವಾಜರು ಅತಿಸಾರದಿಂದ ಹಾಸಿಗೆ ಹಿಡಿದರು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಧರಿಸಿ ಭಿಕ್ಷುಕನಂತೆ ಮನೆಮನೆಗೂ ಹೋದರು. ಜಪಸರವನ್ನು ಕಂಡು ಯಾರ ಮುಖ ಅರಳುವುದೋ ಎಂದು ನಿರೀಕ್ಷಿಸಿದರು. ಸುಮಾರು ಮೂವತ್ತು ವರ್ಷ ಗುರುಗಳಿಲ್ಲದಿದ್ದರೂ ವಿಶ್ವಾಸವನ್ನು ಗುಟ್ಟಾಗಿ ಕಾಪಾಡಿಕೊಂಡವರು ಅಲ್ಲಿದ್ದರು. ಸಿಲ್ಲಾಲೈ ಗ್ರಾಮದ ಭಕ್ತರು ಅವರಿಗೆ ಆಶ್ರಯವಿತ್ತರು. ಬಲಪಡಿಸಲು ಹೋದವರನ್ನು ಬಲಪಡಿಸಿದವರು ಈ ಸಾಮಾನ್ಯರೇ. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯಿಂದ ಸೆರೆಯಾದರೂ ಅವರು ಎದೆಗುಂದಲಿಲ್ಲ. 1697ರ ಸಿಡುಬಿನ ಪಿಡುಗಿನಲ್ಲಿ ಮತಭೇದವೆಣಿಸದೆ ರೋಗಿಗಳ ಶುಶ್ರೂಷೆ ಮಾಡಿದರು. ಗುರುಗಳು ತಲುಪಲಾಗದ ಊರುಗಳಲ್ಲಿ ಪ್ರಾರ್ಥನೆ ನಡೆಸಲು, ಧರ್ಮೋಪದೇಶ ಕಲಿಸಲು ಅಲ್ಲಿನ ಶ್ರಾವಕರನ್ನೇ ನೇಮಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದ ಅವರನ್ನು 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪುನೀತರೆಂದೂ, 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ.

ಪ್ರಿಯ ಭಕ್ತಾದಿಗಳೇ, ಇಂದು ನಮ್ಮನ್ನು ನಿಷೇಧಿಸುವ ಡಚ್ಚರಿಲ್ಲ. ಆದರೂ ಮಕ್ಕಳು ಉದ್ಯೋಗಕ್ಕಾಗಿ ದೂರ ಹೋಗಿ, ಸಂಜೆಯ ಜಪಸರಕ್ಕೆ ವೃದ್ಧರಿಬ್ಬರೇ ಉಳಿದ ಮನೆಗಳು ನಮ್ಮಲ್ಲಿವೆ; ಯಾವುದೋ ಮನಸ್ತಾಪದಿಂದ ದೇವಾಲಯದ ಹೊಸ್ತಿಲು ತುಳಿಯದವರೂ ಇದ್ದಾರೆ. ಅಂಥವರ ಬಾಗಿಲು ತಟ್ಟುವುದು ಗುರುಗಳೊಬ್ಬರ ಕೆಲಸವಲ್ಲ. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಒಯ್ಯುವಾಗಲೆಲ್ಲ, ಕೊಟ್ಟುದಕ್ಕಿಂತ ಹೆಚ್ಚಿನದನ್ನು ಪಡೆದು ಹಿಂದಿರುಗುವುದು ನಮ್ಮ ಅನುಭವ. ದೇವಾಲಯದ ಗೋಡೆಗೆ ಹೊಸ ಬಣ್ಣ ಬಳಿದಾಯಿತು. ವಿಶ್ವಾಸದ ನವೀಕರಣಕ್ಕೆ ನೆರೆಮನೆಯ ಬಾಗಿಲೇ ಆರಂಭವಾಗಲಿ. ಅಲ್ಲಿ ಒಟ್ಟಿಗೆ ಹೇಳುವ ಒಂದು ಜಪಸರವು ಆ ಮನೆಯವರನ್ನೂ ನಮ್ಮನ್ನೂ ಬಲಪಡಿಸುವುದು. ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ.