ಸಂಕರ ಒಂಟೆ

ಸಂಕರ ಒಂಟೆ ಎಂದರೆ ಒಂಟೆಯ ಎರಡು ಬೇರೆ ಬೇರೆ ಪ್ರಭೇದಗಳ ಕೂಡುವಿಕೆಯಿಂದ ಹುಟ್ಟಿದ ಪ್ರಾಣಿ. ಅರೇಬಿಯಾ, ಉತ್ತರ ಆಫ್ರಿಕಾ ಹಾಗೂ ರಾಜಸ್ಥಾನದಲ್ಲಿ ಸಾಕುವ ಒಂದು ಡುಬ್ಬದ ಒಂಟೆ (ಕ್ಯಾಮೆಲಸ್ ಡ್ರೊಮೆಡೇರಿಯಸ್) ಮತ್ತು ಮಧ್ಯ ಏಷ್ಯಾದಲ್ಲಿಯೂ ಲಡಾಖಿನ ನುಬ್ರಾ ಕಣಿವೆಯಲ್ಲಿಯೂ ಕಂಡುಬರುವ ಎರಡು ಡುಬ್ಬದ ಬ್ಯಾಕ್ಟ್ರಿಯನ್ ಒಂಟೆ (ಕ್ಯಾಮೆಲಸ್ ಬ್ಯಾಕ್ಟ್ರಿಯಾನಸ್) ಇವೆರಡರ ಸಂತತಿ ಇದರಲ್ಲಿ ಮುಖ್ಯವಾದುದು. ಇದನ್ನು ತುರ್ಕಿಯಲ್ಲಿ ಟ್ಯುಲು ಎಂದೂ ಕಝಕ್‌ಸ್ತಾನದಲ್ಲಿ ನಾರ್ ಎಂದೂ ಕರೆಯುತ್ತಾರೆ.

ಲಕ್ಷಣಗಳು

ಮೊದಲ ತಲೆಮಾರಿನ ಸಂಕರ ಒಂಟೆಗೆ ಸಾಮಾನ್ಯವಾಗಿ ಉದ್ದನೆಯ ಒಂದೇ ಡುಬ್ಬವಿರುತ್ತದೆ. ಅದರ ಮುಂಭಾಗದಲ್ಲಿ ಕೆಲವು ಸೆಂಟಿಮೀಟರ್ ಆಳದ ತಗ್ಗು ಕಾಣಿಸುವುದುಂಟು. ದೇಹಗಾತ್ರದಲ್ಲಿಯೂ ಬಲದಲ್ಲಿಯೂ ಇದು ತಂದೆತಾಯಿಗಳನ್ನು ಮೀರಿಸುತ್ತದೆ. ಈ ಗುಣಕ್ಕೆ ಸಂಕರ ಚೈತನ್ಯ ಎಂದು ಹೆಸರು. ಒಂದು ಡುಬ್ಬದ ಒಂಟೆಯು ಬಿಸಿಲನ್ನೂ ಬ್ಯಾಕ್ಟ್ರಿಯನ್ ಒಂಟೆಯು ಕೊರೆಯುವ ಚಳಿಯನ್ನೂ ತಾಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಸಿಲು, ಚಳಿಗಾಲದಲ್ಲಿ ಹಿಮ ಎರಡೂ ಇರುವ ಇರಾನ್ ಮತ್ತು ಅನಟೋಲಿಯಾದ ಪ್ರಸ್ಥಭೂಮಿಗಳಲ್ಲಿ ಸರಕು ಹೊರಲು ಸಂಕರ ಒಂಟೆಯೇ ಹೆಚ್ಚು ಯೋಗ್ಯವಾಗಿತ್ತು. ಆದುದರಿಂದಲೇ ಪ್ರಾಚೀನ ವ್ಯಾಪಾರಮಾರ್ಗಗಳಲ್ಲಿ ಇದಕ್ಕೆ ಬೇಡಿಕೆಯಿತ್ತು.

ಸಂತಾನೋತ್ಪತ್ತಿ

ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳಿರುವುದರಿಂದ ಅವುಗಳ ಸಂತಾನವಾದ ಹೇಸರಗತ್ತೆ ಸಾಮಾನ್ಯವಾಗಿ ಬಂಜೆಯಾಗಿರುತ್ತದೆ. ಆದರೆ ಒಂಟೆಯ ಎರಡೂ ಪ್ರಭೇದಗಳಿಗೆ 74 ವರ್ಣತಂತುಗಳಿವೆ. ಅವುಗಳ ಸಂಕರ ಸಂತಾನವು ಮರಿಹಾಕಬಲ್ಲದು. ಹೀಗಿದ್ದರೂ ಸಂಕರ ಒಂಟೆಗಳನ್ನು ಪರಸ್ಪರ ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಮೊದಲ ತಲೆಮಾರಿನ ಕಸುವು ಉಳಿಯುವುದಿಲ್ಲವೆಂಬುದು ಸಾಕಣೆದಾರರ ಅನುಭವ. ಆದುದರಿಂದ ಅವರು ಸಂಕರ ಹೆಣ್ಣೊಂಟೆಯನ್ನು ಶುದ್ಧ ತಳಿಯ ಗಂಡಿನೊಡನೆ ಕೂಡಿಸುತ್ತಾರೆ. ಕಝಕ್‌ಸ್ತಾನದಲ್ಲಿ ಇಂತಹ ಪ್ರತಿಯೊಂದು ಬಗೆಯ ಸಂತತಿಗೂ ಪ್ರತ್ಯೇಕ ಹೆಸರಿದೆ. ನಾರ್ ಹೆಣ್ಣಿಗೂ ಬ್ಯಾಕ್ಟ್ರಿಯನ್ ಗಂಡಿಗೂ ಹುಟ್ಟಿದುದು ಕೊಸ್ಪಾಕ್. ಒಳ್ಳೆಯ ಸಂಕರ ಒಂಟೆ ಬೇಕಾದರೆ ಎರಡು ಶುದ್ಧ ತಳಿಗಳೂ ಉಳಿದಿರಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉಪಯೋಗ

ಲಾರಿ, ರೈಲುಗಳು ಬಂದ ಮೇಲೆ ಹೊರೆ ಹೊರುವ ಕೆಲಸ ಕಡಿಮೆಯಾಯಿತು. ಕಝಕ್‌ಸ್ತಾನದಲ್ಲಿ ಹಾಲು, ಮಾಂಸ ಮತ್ತು ಉಣ್ಣೆಗಾಗಿ ಇವನ್ನು ಇಂದಿಗೂ ಸಾಕುತ್ತಾರೆ. ಒಂದು ಡುಬ್ಬದ ಒಂಟೆ ಹೆಚ್ಚು ಹಾಲು ಕೊಡುತ್ತದೆ, ಬ್ಯಾಕ್ಟ್ರಿಯನ್ ಒಂಟೆಯ ಹಾಲಿನಲ್ಲಿ ಕೊಬ್ಬಿನಂಶ ಹೆಚ್ಚು. ಈ ಎರಡು ಗುಣಗಳನ್ನು ಒಂದುಗೂಡಿಸುವುದು ಅಲ್ಲಿನ ಸಂಕರಣದ ಉದ್ದೇಶ. ತುರ್ಕಿಯ ಏಜಿಯನ್ ಪ್ರಾಂತದಲ್ಲಿ ಚಳಿಗಾಲದಲ್ಲಿ ನಡೆಯುವ ಒಂಟೆ ಕಾಳಗದಲ್ಲಿ ಟ್ಯುಲು ಗಂಡುಗಳನ್ನು ಸೆಣಸಾಟಕ್ಕೆ ಬಿಡುತ್ತಾರೆ. ಸೆಲ್ಚುಕ್ ಪಟ್ಟಣದ ಕಾಳಗವು ಪ್ರಸಿದ್ಧವಾಗಿದೆ.

ಕಾಮಾ

1998ರ ಜನವರಿ 14ರಂದು ದುಬೈನ ಒಂಟೆ ಸಂತಾನೋತ್ಪತ್ತಿ ಕೇಂದ್ರದಲ್ಲಿ ಒಂದು ಡುಬ್ಬದ ಗಂಡೊಂಟೆ ಹಾಗೂ ದಕ್ಷಿಣ ಅಮೆರಿಕದ ಲಾಮಾ ಕುಲದ ಹೆಣ್ಣಿನ ಸಂಕರದಿಂದ ರಾಮಾ ಎಂಬ ಮರಿ ಜನಿಸಿತು. ಈ ಬಗೆಯ ಪ್ರಾಣಿಯನ್ನು ಕಾಮಾ ಎನ್ನುತ್ತಾರೆ. ಗಾತ್ರದಲ್ಲಿ ಅಪಾರ ಅಂತರವಿರುವುದರಿಂದ ಕೃತಕ ಗರ್ಭಧಾರಣೆ ಅನಿವಾರ್ಯವಾಯಿತು. ಕಾಮಾಕ್ಕೆ ಡುಬ್ಬವಿಲ್ಲ. ಎರಡು ಕುಲಗಳ ಪೂರ್ವಜರು ಲಕ್ಷಾಂತರ ವರ್ಷಗಳ ಹಿಂದೆಯೇ ಅಗಲಿದ್ದರೂ ವರ್ಣತಂತುಗಳ ಸಂಖ್ಯೆ ಎರಡರಲ್ಲಿಯೂ 74 ಆಗಿರುವುದು ಗಮನಾರ್ಹ.

ಕಾಡು ಒಂಟೆಗೆ ಅಪಾಯ

ಮಂಗೋಲಿಯಾ ಮತ್ತು ಚೀನಾದ ಮರುಭೂಮಿಗಳಲ್ಲಿ ಉಳಿದಿರುವ ಕಾಡು ಒಂಟೆಯು (ಕ್ಯಾಮೆಲಸ್ ಫೆರಸ್) ಸಾಕು ಬ್ಯಾಕ್ಟ್ರಿಯನ್ ಒಂಟೆಯ ಪೂರ್ವಜವಲ್ಲ, ಪ್ರತ್ಯೇಕ ಪ್ರಭೇದವೆಂದು ತಳಿವಿಜ್ಞಾನದ ಅಧ್ಯಯನಗಳು ತಿಳಿಸಿವೆ. ಇದು ತೀವ್ರ ಅಪಾಯದಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಒಂದೇ ಮೇವುನೆಲದಲ್ಲಿ ಅಲೆಯುವ ಸಾಕು ಒಂಟೆಗಳು ಇವುಗಳೊಡನೆ ಕೂಡಿದಾಗ ಹುಟ್ಟುವ ಮರಿಗಳೂ ಸಂತಾನಶಕ್ತಿ ಉಳ್ಳವು. ಹೀಗಾಗಿ ಬೆರಕೆಯು ತಲೆಮಾರಿನಿಂದ ತಲೆಮಾರಿಗೆ ಹರಡಿ, ಕಾಡು ಪ್ರಭೇದವು ತನ್ನತನವನ್ನೇ ಕಳೆದುಕೊಳ್ಳುವ ಸಂಭವವಿದೆ. ಸಾಕಣೆದಾರನಿಗೆ ವರವಾದ ಗುಣವೇ ಇಲ್ಲಿ ಕಂಟಕವಾಗಿದೆ. ಆದುದರಿಂದ ಬೇಟೆ ಮತ್ತು ನೀರಿನ ಅಭಾವಗಳ ಜೊತೆಗೆ ಸಂಕರಣವನ್ನು ತಡೆಗಟ್ಟುವುದೂ ಇದರ ಸಂರಕ್ಷಣೆಯ ಮುಖ್ಯ ಅಂಗವಾಗಿದೆ.